ಕೊಟ್ಟಿಗೆ ಗೋಡೆಯ ಹಸಿರು ಎಲೆಗಳು

ನಮ್ಮ ವೌಪಾಕಾ ಸೀಮೆಯಲ್ಲಿ ರಸ್ತೆ ಪಕ್ಕದ ಯಾವ ಕೊಟ್ಟಿಗೆಯನ್ನು ನೋಡಿದರೂ ಅದರ ಗೋಡೆ ಏನನ್ನೋ ಮಾರುತ್ತ ನಿಂತಿರುತ್ತದೆ. ಹೊಗೆಸೊಪ್ಪು, ಕೆಮ್ಮಿನ ಔಷಧಿ, ಹುಳದ ಪುಡಿ. ಆ ಅಕ್ಷರಗಳಲ್ಲಿ ಮುಕ್ಕಾಲು ಪಾಲು ನನ್ನ ಅಣ್ಣ ಓರಿನ್ ಸ್ಪ್ರೇಗ್‌ನ ಕೈಯವು. ಅವನು ಸತ್ತಾಗ ಊರಿನ ಪತ್ರಿಕೆ ‘ಬಣ್ಣದ ಕೆಲಸದ ಓರಿನ್ ಸ್ಪ್ರೇಗ್, ಬಹುಕಾಲದ ಅನಾರೋಗ್ಯದಿಂದ’ ಎಂದು ಒಂದು ಸಾಲು ಹಾಕಿ ಕೈ ತೊಳೆದುಕೊಂಡಿತು. ಅದನ್ನು ಓದಿ ಬಂದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಅದಕ್ಕೇ ಇದನ್ನು ಹೇಳುತ್ತಿದ್ದೇನೆ.

ಓರಿನ್ ಮದುವೆಯಾಗಿರಲಿಲ್ಲ. ನನ್ನ ಗಂಡ ಮರದ ಗಿರಣಿಯಲ್ಲಿ ತೀರಿಕೊಂಡ ಮೇಲೆ ನಾನು ಅಣ್ಣನ ಮನೆಗೇ ಬಂದೆ. ಅವನಿಗೆ ಅನ್ನ ಬೇಯಿಸಿ ಹಾಕುವವರು ಬೇಕಿತ್ತು, ನನಗೆ ಬೈಯಲು ಒಬ್ಬರು ಬೇಕಿತ್ತು. ಉದ್ದನೆಯ ಆಸಾಮಿ, ಎದುರಿಗೆ ಯಾರಾದರೂ ನಿಂತರೆ ಸಂಕೋಚಕ್ಕೆ ಒಂದು ಮಾತು ಮುಗಿಸುವಷ್ಟರಲ್ಲಿ ಮೂರು ಸಲ ಕೆಮ್ಮುತ್ತಿದ್ದ. ಅದೇ ಮನುಷ್ಯ ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕುಳಿತು ಸೂರಿನಿಂದ ಇಳಿಬಿದ್ದನೆಂದರೆ ಕೈ ನಡುಗುತ್ತಿರಲಿಲ್ಲ. ಅಳತೆಗೋಲಿಲ್ಲದೆ, ದಾರ ಹಿಡಿಯದೆ, ಆಳೆತ್ತರದ ಅಕ್ಷರವನ್ನು ನೇರ ಎಳೆಯುತ್ತಿದ್ದ. ಅಂಚು ಬರೆಯುವಾಗ ಮಾತ್ರ ಸಣ್ಣ ಕುಂಚ ತೆಗೆದು ಅದರ ಕೂದಲನ್ನು ತುಟಿಗಳ ನಡುವೆ ಎಳೆದು ಮೊನೆ ಮಾಡಿಕೊಳ್ಳುತ್ತಿದ್ದ. ಅಕ್ಷರ ಬರೆಯುವವರೆಲ್ಲ ಹಾಗೇ ಮಾಡುತ್ತಾರೆ. ಅವನಿಗೆ ಕೆಲಸ ಕಲಿಸಿದ ಮುದುಕನೂ ಹಾಗೇ ಮಾಡುತ್ತಿದ್ದನಂತೆ. ಊಟಕ್ಕೆ ಕುಳಿತಾಗಲೂ ಯೋಚನೆಗೆ ಬಿದ್ದರೆ ಚಮಚದ ತುದಿಯನ್ನು ತುಟಿಗೆ ಒತ್ತಿ ತಿರುವುತ್ತಿದ್ದ. "ಅದು ಕುಂಚ ಅಲ್ಲ ಕಣೋ, ಸಾರು ತಣ್ಣಗಾಗ್ತಿದೆ" ಎಂದು ನಾನು ಮೊಟಕುತ್ತಿದ್ದೆ.

ಗೋಡೆಯ ವ್ಯವಹಾರ ಎಲ್ಲರಿಗೂ ಗೊತ್ತಿದ್ದದ್ದೇ. ರಸ್ತೆಗೆ ಮುಖ ಮಾಡಿದ ಗೋಡೆಯನ್ನು ರೈತ ಕಂಪನಿಗೆ ಬಿಟ್ಟುಕೊಟ್ಟರೆ ಇಡೀ ಕೊಟ್ಟಿಗೆಗೆ ಬಣ್ಣ ಪುಕ್ಕಟೆ. ಮಳೆ ಹಿಮಕ್ಕೆ ಹಲಗೆ ಕೊಳೆಯುವುದನ್ನು ನೋಡುತ್ತ ಕೂರುವ ಬದಲು ಯಾವನದೋ ಕೆಮ್ಮಿನ ಔಷಧಿ ಹೊತ್ತುಕೊಂಡರಾಯಿತು ಎಂದು ಜನ ಒಪ್ಪುತ್ತಿದ್ದರು. ಆಲೂಗಡ್ಡೆಯ ಸೀಮೆಯಾದ್ದರಿಂದ ಆ ವರ್ಷಗಳಲ್ಲಿ ಎಲ್ಲಿ ನೋಡಿದರೂ ಹುಳದ ಪುಡಿಯದೇ ಕಾರುಬಾರು. ಬೆನ್ನ ಮೇಲೆ ಪಟ್ಟೆಯಿರುವ ಆ ಹುಳು ಗಿಡಕ್ಕೆ ಬಿತ್ತೆಂದರೆ ಒಂದು ವಾರದಲ್ಲಿ ಹೊಲದಲ್ಲಿ ಬರೀ ಕಡ್ಡಿ ಉಳಿಯುತ್ತಿತ್ತು. ಅದಕ್ಕೆ ಪಾಷಾಣ ಬೆರೆಸಿದ ಹಸಿರು ಪುಡಿ ಎರಚುತ್ತಿದ್ದರು. ವಿಷವೆಂದು ಎಲ್ಲರಿಗೂ ಗೊತ್ತು. ಆದರೆ ‘ಹಸಿರು ಪಹರೆ’ ಎಂಬ ಹೊಸ ಪುಡಿಯ ಕಂಪನಿಯವರು ತಮ್ಮದು ಬೇರೆ ಜಾತಿಯದು ಎಂದರು. ಅವರು ಬರೆಸಿದ ಸಾಲು ಇದು: ‘ಹುಳುವಿಗೆ ಮೃತ್ಯು, ಮನೆಮಂದಿಗೆ ಮಿತ್ರ.’ ಅಣ್ಣ ಅದನ್ನು ಎಷ್ಟು ಕೊಟ್ಟಿಗೆಗಳ ಮೇಲೆ ಬರೆದನೋ ಲೆಕ್ಕವಿಲ್ಲ.

ಕಂಪನಿಯ ಏಜೆಂಟ್ ಲಾತ್ರಪ್ ಎಂಬವನು. ಮಿರುಗುವ ಬೂಟು, ಕಂಕುಳಲ್ಲಿ ಒಂದು ಕೋಳಿ. ಅಂಗಡಿ ಮುಂದೆ ಜನ ಸೇರಿಸಿ, ಪುಡಿ ತಿಂದು ಸತ್ತ ಹುಳುಗಳನ್ನು ಆ ಕೋಳಿಗೆ ತಿನ್ನಿಸಿ, "ನೋಡ್ಕೊಳ್ಳಿ, ಕೋಳಿಗೆ ಏನಾದ್ರೂ ಆಯ್ತಾ" ಎನ್ನುತ್ತಿದ್ದ. ಜನ ತಲೆದೂಗುತ್ತಿದ್ದರು. ಆ ಕೋಳಿ ಮರುದಿನ ಬದುಕಿತ್ತೋ ಇಲ್ಲವೋ ಯಾರೂ ಹೋಗಿ ನೋಡಲಿಲ್ಲ.

ಗೋಡೆಯ ಮೇಲೆ ಸಾಲಿನ ಜೊತೆಗೆ ಒಂದು ದೊಡ್ಡ ಆಲೂಗಡ್ಡೆ ಗಿಡ, ಅದರ ಕೆಳಗೆ ಕಾಲು ಮೇಲೆ ಮಾಡಿ ಬಿದ್ದ ಹುಳು ಬರೆಯಬೇಕಿತ್ತು. ಕಂಪನಿ ಕಳಿಸುತ್ತಿದ್ದ ಹಸಿರು ಬಣ್ಣ ಒಣಗಿದ ಮೇಲೆ ಪಾಚಿಯ ಹಾಗೆ ಕಪ್ಪಿಡುತ್ತಿತ್ತು. ಅಣ್ಣ ಗೊಣಗಿದ್ದಕ್ಕೆ ಲಾತ್ರಪ್ ಆ ವಸಂತದಲ್ಲಿ ಪುಡಿಯದ್ದೇ ಒಂದು ಪೀಪಾಯಿ ತಂದಿಳಿಸಿದ. 1911ರ ಮಾತು.

"ಇದನ್ನೇ ಅಗಸೆ ಎಣ್ಣೇಲಿ ಅರೀರಿ ಸ್ಪ್ರೇಗ್. ಹಿಂದಿನ ಕಾಲದಲ್ಲಿ ಗೋಡೆ ಕಾಗದಕ್ಕೆಲ್ಲ ಇದೇ ಹಸಿರು. ಇಂಥ ಬಣ್ಣ ಇನ್ನೆಲ್ಲೂ ಸಿಗಲ್ಲ."

"ವಿಷ ಅಲ್ವೇನ್ರೀ?" ಎಂದು ನಾನು ಬಾಗಿಲಿಂದಲೇ ಕೇಳಿದೆ.

"ಎಣ್ಣೇಲಿ ಕಲಸಿ ಒಣಗಿದ್ಮೇಲೆ ಅದು ಬಣ್ಣ ಕಣಮ್ಮ. ಬಣ್ಣಾನ ಯಾರಾದ್ರೂ ತಿಂತಾರಾ?"

ಅಣ್ಣ ಅರೆದು ಒಂದು ಹಲಗೆಗೆ ಹಚ್ಚಿ ಬಿಸಿಲಿಗೆ ಹಿಡಿದ. ಈಗಷ್ಟೇ ಮಳೆ ನಿಂತ ಮೇಲಿನ ಎಲೆಯ ಹಾಗಿತ್ತು, ಸುಳ್ಳೇಕೆ ಹೇಳಲಿ. ಅವನ ಮುಖ ಅರಳಿದ್ದನ್ನು ನೋಡಿ ನಾನೂ ಬಾಯಿ ಮುಚ್ಚಿಕೊಂಡೆ.

ಅದೇ ಬೇಸಿಗೆಯಲ್ಲಿ ಅವನಿಗೆ ರಾಗ್ನಾಳ ಹುಚ್ಚು ಹಿಡಿದಿದ್ದು. ರಾಗ್ನಾ ಟ್ವೈಟ್ ನಾರ್ವೆಯವರ ಪೈಕಿ, ಗಂಡ ಹೋಗಿ ಕೆಲವು ವರ್ಷವಾಗಿತ್ತು. ಹಸುಗಳ ಕೆನೆಯನ್ನು ಬೆಣ್ಣೆ ಕಾರ್ಖಾನೆಗೆ ಹಾಕಿ ಒಬ್ಬಳೇ ಬದುಕು ಎಳೆಯುತ್ತಿದ್ದಳು. ಅಣ್ಣ ಅವಳ ಗೋಡೆ ಕೇಳಲು ಹೋದವನು ಕಾಫಿ ಕುಡಿದು ಬಂದ. ಮರುವಾರ ಇನ್ನೊಮ್ಮೆ ‘ಗೋಡೆ ಅಳೆಯಲು’ ಹೋದ. ಕಣ್ಣಳತೆಯಲ್ಲೇ ಕೆಲಸ ಮಾಡುವವನು ಗೋಡೆ ಅಳೆಯಲು ಹೊರಟರೆ ತಂಗಿಗೆ ಗೊತ್ತಾಗುವುದಿಲ್ಲವೇ? ಕೊನೆಗೆ ಅವಳೇ ಕೇಳಿದಳಂತೆ: "ಅಳೆದಿದ್ದು ಸಾಕು, ಮದ್ವೆ ಆಗ್ತೀಯೋ ಇಲ್ವೋ ಹೇಳು." ಆಲೂಗಡ್ಡೆ ಅಗೆತ ಮುಗಿದ ಮೇಲೆ ಅವರ ಇಗರ್ಜಿಯಲ್ಲಿ ಮದುವೆ ಎಂದು ಮಾತಾಯಿತು.

ಅವಳ ಕೊಟ್ಟಿಗೆಯ ಗೋಡೆಗೆ ಅಣ್ಣ ಜೀವ ತೇಯ್ದ. ಬೇರೆ ಕಡೆಯೆಲ್ಲ ಗಿಡ ಮೇಲ್ಗಡೆ, ಅಕ್ಷರದ ಪಕ್ಕ ಮಾತ್ರ. ಇಲ್ಲಿ ಅದನ್ನು ನೆಲದವರೆಗೂ ಇಳಿಸಿದ. ಕೆಳಗಿನ ಹಲಗೆಗಳ ತುಂಬ ಎಲೆ, ಎಲೆಗಳ ನಡುವೆ ಬಿಳಿ ಹೂವು.

"ಕಂಪನಿಯೋರು ಇಷ್ಟೆಲ್ಲ ಕೇಳಿದ್ರಾ?" ಎಂದಳು ರಾಗ್ನಾ.

"ಮೇಲಿಂದು ಕಂಪನೀದು. ಕೆಳಗಿಂದು ನಿಂದು" ಎಂದ ಅಣ್ಣ. ಒಂದೇ ಒಂದು ಸಲವೂ ಕೆಮ್ಮಲಿಲ್ಲ.

ಆ ಗೋಡೆಗೂ ರಸ್ತೆಯ ಬೇಲಿಗೂ ನಡುವೆ ಹಸುಗಳ ಅಂಗಳ. ಬಣ್ಣ ಒಣಗುವ ತನಕ ಅವಳು ಹಸುಗಳನ್ನು ಹಿಂದಿನ ಮಾಳದಲ್ಲೇ ಕಟ್ಟಿದ್ದಳು.

ಬೇಸಿಗೆ ಮುಗಿಯುತ್ತ ಬಂದ ಹಾಗೆ ಅಣ್ಣ ಸೊರಗಿದ. ತುಟಿಯ ಮೂಲೆ ಒಡೆದು ವಾಸಿಯಾಗದು, ಮೂಗಿನ ಹೊಳ್ಳೆಯಲ್ಲಿ ಹುಣ್ಣು, ಊಟ ಸೇರದು. ಅಂಗಾಲು ಉರಿಯುತ್ತದೆಂದು ಸಂಜೆ ತಣ್ಣೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಕೂರುತ್ತಿದ್ದ. "ಮದ್ವೆ ಗಂಡು ಹಿಂಗಾದ್ರೆ ಪಾದ್ರಿ ಮಂತ್ರ ಮದ್ವೇದು ಓದ್ಬೇಕೋ ಮಣ್ಣಿಂದು ಓದ್ಬೇಕೋ" ಎಂದು ನಾನು ಚುಡಾಯಿಸಿದ್ದೆ. ಬಿಸಿಲಲ್ಲಿ ನೇತಾಡುವ ಕೆಲಸ, ಅದರ ಸುಸ್ತು ಎಂದುಕೊಂಡಿದ್ದೆವು. ಆ ಮಾತು ಬಾಯಿಂದ ಯಾಕಾದರೂ ಬಂತೋ.

ಇನ್ನು ವಾಲೆಂಟಿ ಕುಲಾಸ್‌ನ ವಿಷಯ ಹೇಳಬೇಕು. ರಾಗ್ನಾಳ ಬೇಲಿಯಾಚೆಯ ಪೋಲಿಷ್ ರೈತ. ಮುಂಗೋಪಿ, ಆದರೆ ಕೆಟ್ಟವನಲ್ಲ. ಅವಳ ಹಸುಗಳು ಬೇಲಿ ಮುರಿದು ಅವನ ರೈ ಪೈರಿಗೆ ಪದೇ ಪದೇ ನುಗ್ಗುತ್ತಿದ್ದವು. ಒಂದು ದಿನ ಅಂಗಡಿಯಲ್ಲಿ ಎಲ್ಲರೆದುರು ಕೂಗಾಡಿದ: "ಇನ್ನೊಂದ್ಸಲ ನನ್ ಪೈರಿಗೆ ಬಾಯಿ ಹಾಕಿದ್ರೆ ಅವು ವಾಪಸ್ ಮನೆಗೆ ಹೋಗಲ್ಲ, ನೋಡ್ತಿರಿ." ಊರು ಅದನ್ನು ಮರೆಯಲಿಲ್ಲ.

ಸೆಪ್ಟೆಂಬರಿನಲ್ಲಿ, ಹಿಂದಿನ ಮಾಳದ ಹುಲ್ಲು ಮುಗಿದು ಹಸುಗಳನ್ನು ಅಂಗಳಕ್ಕೆ ತಂದ ಮೇಲೆ, ಅವು ಒಂದೊಂದಾಗಿ ಬಿದ್ದವು. ಬಾಯಲ್ಲಿ ನೊರೆ, ರಕ್ತ ಭೇದಿ. ಆ ವಾರ ಕಳೆಯುವುದರೊಳಗೆ ರಾಗ್ನಾಳ ಕೊಟ್ಟಿಗೆ ಖಾಲಿ. ದನದ ವೈದ್ಯ ಹೊಟ್ಟೆ ಸೀಳಿದರೆ ಒಳಗೆಲ್ಲ ಹಸಿರು. ಹುಳದ ಪುಡಿಯ ವಿಷ ಎಂದ. ರಾಗ್ನಾ ಬೇಲಿಯ ಕಡೆ ಕೈ ತೋರಿಸಿ, "ಅವನೇ, ಇನ್ಯಾರು" ಎಂದಳು. ಶೆರಿಫ್ ಹೋಗಿ ನೋಡಿದರೆ ಕುಲಾಸ್‌ನ ಕೊಟ್ಟಿಗೆಯಲ್ಲಿ ಬಾಯಿ ತೆರೆದ ಪುಡಿ ಡಬ್ಬಿ. ಯಾರ ಕೊಟ್ಟಿಗೆಯಲ್ಲಿ ಇರಲಿಲ್ಲ ಅದು? ಆದರೂ ಎಳೆದುಕೊಂಡು ಹೋದರು. ಅಪರಾಧ ಸಾಬೀತಾದರೆ ಸೆರೆಮನೆಯೇ ಗತಿ. ಹಿಮ ಬೀಳುವ ಮುಂಚೆ ಆಲೂಗಡ್ಡೆ ಕೀಳಬೇಕು. ಅವನ ಹೆಂಡತಿ ಯೂಸ್ತಿನಾ ತುಂಬು ಬಸುರಿ, ಒಬ್ಬಳೇ ಗುದ್ದಲಿ ಹಿಡಿದು ಹೊಲಕ್ಕಿಳಿದಿದ್ದಳು. ಸಹಾಯಕ್ಕೆ ಒಬ್ಬರೂ ಹೋಗಲಿಲ್ಲ. ಹಸು ಕೊಂದವನ ಹೊಲ ತಾನೇ ಎಂದರು.

ಭಾನುವಾರ ನಾನೂ ಅಣ್ಣನೂ ರಾಗ್ನಾಳನ್ನು ಸಮಾಧಾನ ಮಾಡಲು ಹೋದೆವು. ಗಾಡಿ ಇಳಿದು ನಡೆಯುವಾಗ ಅವನ ಕಾಲು ಎತ್ತೆತ್ತಲೋ ಬೀಳುತ್ತಿತ್ತು. ನಾನು ತೋಳು ಹಿಡಿದುಕೊಂಡೆ. ಅಂಗಳದಲ್ಲಿ ಅವನು ನಿಂತುಬಿಟ್ಟ. ಗೋಡೆ ನೋಡುತ್ತಿದ್ದ.

ಹಸುವಿನ ಮೂತಿ ಎಟುಕುವಷ್ಟು ಎತ್ತರದವರೆಗೆ ಒಂದೂ ಎಲೆಯಿರಲಿಲ್ಲ. ಬಿಳಿ ಹೂವು ಮಾಸಿ ಕಲೆಯಾಗಿತ್ತು, ಹಲಗೆ ಬರಿದಾಗಿತ್ತು. ಹಲಗೆಯ ಮೇಲೆ ನಾಲಿಗೆ ಎಳೆದ ಗುರುತು ಹಾಗೇ ಕಾಣುತ್ತಿತ್ತು. ಅಗಸೆ ಎಣ್ಣೆಯ ರುಚಿಗೆ ಹಸುಗಳು ಬಣ್ಣ ನೆಕ್ಕುತ್ತವೆಂದು ದನ ಸಾಕಿದ ಯಾರಿಗೆ ಗೊತ್ತಿಲ್ಲ? ನಮಗೂ ಗೊತ್ತಿತ್ತು. ಆ ಎಲೆಗಳನ್ನು ನೋಡುವಾಗ ಒಬ್ಬರಿಗೂ ನೆನಪಾಗಲಿಲ್ಲ.

ರಾಗ್ನಾ ಬಾಗಿಲಿಗೆ ಬಂದಳು. ಅಣ್ಣ ತಲೆ ಎತ್ತಲಿಲ್ಲ.

"ರಾಗ್ನಾ, ವಾಲೆಂಟಿ ಅಲ್ಲ. ನಾನು."

"ಏನಂತಿದ್ದೀಯ?"

"ಈ ಎಲೇನ ನಾನು ಆ ಪುಡೀಲೇ ಬರ್ದಿದ್ದು. ನಿನ್ ಹಸು ನೆಕ್ಕಿವೆ. ನೋಡು."

ಅವಳು ಗೋಡೆ ನೋಡಿದಳು, ಮೇಲಿನ ಅಕ್ಷರ ನೋಡಿದಳು. "ಮನೆಮಂದಿಗೆ ಮಿತ್ರ ಅಂತ ನೀನೇ ಬರ್ದಿದ್ದೀಯಲ್ಲೋ" ಎಂದಳು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಣ್ಣ ಅಲ್ಲಿಂದಲೇ ಶೆರಿಫ್‌ನ ಹತ್ತಿರ ಹೋಗೋಣ ಎಂದ. ಹೋದೆವು. ಶೆರಿಫ್ ನಕ್ಕ. ಬೆಂಚಿನ ಮೇಲೆ ಕುಳಿತಿದ್ದ ಇನ್ನಿಬ್ಬರೂ ನಕ್ಕರು. "ಗೋಡೆ ವಿಷ ಹಾಕ್ತಾ? ಓರಿನ್, ನಿಂದು ಮೆತ್ತನೆ ಮನಸ್ಸು, ಆ ಬಸುರಿ ಹೆಂಗಸನ್ನ ನೋಡಿ ಕರಗಿದ್ದೀಯ. ಮನೆಗ್ಹೋಗಿ ಮಲಕ್ಕೋ." ಊರವರೂ ಹಾಗೇ ಅಂದರು. ಒಬ್ಬನಂತೂ ತನ್ನ ಕೊಟ್ಟಿಗೆಯತ್ತ ಬೆರಳು ಮಾಡಿ, "ಸುಳ್ಳಾಗಿದ್ರೆ ಅಷ್ಟು ದಪ್ಪಗೆ ಬರೀತಿದ್ರಾ" ಎಂದ. ಬರೆದವನೇ ಎದುರಿಗೆ ನಿಂತು ಅಲ್ಲ ಎನ್ನುತ್ತಿದ್ದಾನೆ, ಈ ರೈತನಿಗೆ ಗೋಡೆಯ ಮಾತೇ ಹೆಚ್ಚು. ನನಗೆ ಮೈಯೆಲ್ಲ ಉರಿದುಹೋಯಿತು.

ವಿಚಾರಣೆ ನಡೆದದ್ದು ಊರಿನ ವ್ಯಾಪಾರಿಯೂ ನ್ಯಾಯಾಧೀಶರೂ ಆಗಿದ್ದ ಪೆಕ್ ಅವರ ಧಾನ್ಯದ ಅಂಗಡಿಯ ಹಿಂದಿನ ಕೋಣೆಯಲ್ಲಿ. ಕುಲಾಸ್ ಕೈಗೆ ಬೇಡಿ ಹಾಕಿಸಿಕೊಂಡು ಮೂಲೆಯಲ್ಲಿದ್ದ. ಯೂಸ್ತಿನಾ ಮಣ್ಣಾದ ಬೂಟಿನಲ್ಲೇ ಬಂದಿದ್ದಳು. ಲಾತ್ರಪ್ ಕೋಳಿಯಿಲ್ಲದೆ ಬಂದಿದ್ದ. ಗೋಡೆಗೆ ಕಂಪನಿ ಕಳಿಸಿದ್ದು ಒಳ್ಳೆಯ ಬಣ್ಣವೇ, ಅದರಲ್ಲಿ ಪುಡಿಯ ಸೋಂಕೂ ಇಲ್ಲ ಎಂದ.

"ಪೀಪಾಯಿ ತಂದ್ಕೊಟ್ಟಿದ್ದು ನೀವೇ ಅಲ್ವಾ?" ಎಂದು ನಾನು ಕುಳಿತಲ್ಲಿಂದಲೇ ಕೇಳಿದೆ.

"ಅದು ತೋಟಕ್ಕೆ ಅಂತ ಕೊಟ್ಟಿದ್ದಮ್ಮ. ನಿಮ್ಮಣ್ಣ ಪಾಪ, ಆರೋಗ್ಯ ಸರಿಯಿಲ್ಲ. ಏನೇನೋ ಅಂದ್ಕೋತಾರೆ. ಬಣ್ಣ ಒಣಗಿದ್ಮೇಲೆ ಯಾರಿಗೂ ಏನೂ ಮಾಡಲ್ಲ."

ಪೆಕ್ ನನಗೆ ಬಾಯಿ ಮುಚ್ಚುವಂತೆ ಹೇಳಿ ಅಣ್ಣನನ್ನು ಕರೆದರು. ಅವನು ಕೆಮ್ಮಿ ಕೆಮ್ಮಿ, ಆದದ್ದನ್ನೆಲ್ಲ ಹೇಳಿದ. ಪೆಕ್ ಕಾಗದದ ಮೇಲೆ ಅದನ್ನು ಬರೆದುಕೊಂಡರು, ಒಂದಿಷ್ಟೂ ನಂಬಿದ ಹಾಗೆ ಕಾಣಲಿಲ್ಲ. "ಸರಿ, ಸಹಿ ಹಾಕು" ಎಂದು ಲೇಖನಿ ಕೊಟ್ಟರು.

ಅಣ್ಣ ಲೇಖನಿಯನ್ನು ಮಸಿಯಲ್ಲಿ ಅದ್ದಿದ. ಅದ್ದಿದವನು ಕಾಗದದ ಮೇಲಿಡುವ ಮೊದಲು ಅದರ ಮೊನೆಯನ್ನು ತುಟಿಗಳ ನಡುವೆ ಎಳೆದ. ತುಟಿಗೆ ಮಸಿ ಹತ್ತಿತು. ಯಾರೋ ಕಿಸಕ್ಕೆಂದರು.

ಹಸುಗಳ ವಿಷದ ಬಗ್ಗೆ ಸಾಕ್ಷಿ ಹೇಳಲು ಬಂದಿದ್ದ, ಊರ ಜನರಿಗೆ ಮದ್ದು ಕೊಡುವ ಡಾಕ್ಟರ್ ಹಾಲಿಸ್ಟರ್ ನಗಲಿಲ್ಲ. ಎದ್ದು ಬಂದರು.

"ಈಗೇನು ಮಾಡ್ದೆ ನೀನು?"

"ಏನು ಡಾಕ್ಟ್ರೇ?"

"ಬಾಯಿಗೆ ಯಾಕಿಟ್ಟೆ?"

"ಅಭ್ಯಾಸ. ಮೊನೆ ಮಾಡೋದು."

"ಕುಂಚಾನೂ ಹಿಂಗೇನಾ? ಈ ಬೇಸಿಗೆಯೆಲ್ಲ?"

"ಯಾವಾಗ್ಲೂ."

ಡಾಕ್ಟರು ಅವನ ಅಂಗೈ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದರು. ಅಂಗೈ ತುಂಬ ಗಟ್ಟಿ ಗಂಟುಗಳು. ಕೆಲಸದ ಆಣಿ ಎಂದು ನಾವು ತಿಳಿದಿದ್ದೆವು. ಉಗುರುಗಳಿಗೆ ಅಡ್ಡಲಾಗಿ ಬಿಳಿ ಗೆರೆ. ಬೂಟು ಬಿಚ್ಚಿಸಿ, ಕಣ್ಣು ಮುಚ್ಚಲು ಹೇಳಿ, ಪಾದಕ್ಕೆ ಸೂಜಿ ಚುಚ್ಚಿದರು. ಅಣ್ಣ ಕಣ್ಣು ಮುಚ್ಚಿಕೊಂಡು, ಚುಚ್ಚುವುದನ್ನು ಕಾಯುತ್ತ ಕುಳಿತೇ ಇದ್ದ. ಪಾದದಿಂದ ರಕ್ತದ ಹನಿ ಇಳಿಯಿತು.

"ಪೆಕ್, ನಿಮ್ಗೆ ಸಾಕ್ಷಿ ಬೇಕಿತ್ತಲ್ಲ" ಎಂದರು ಡಾಕ್ಟರು. "ಹಸುಗಳು ಕೆಲವು ದಿನ ತಿಂದಿದ್ದನ್ನ ಇವನು ವಸಂತದಿಂದ ತಿಂತಿದ್ದಾನೆ. ಪಾಷಾಣ. ಇದಕ್ಕೂ ವಾಲೆಂಟಿನೇ ಕಾರಣಾನಾ ಕೇಳಿ."

ಲಾತ್ರಪ್ ಟೋಪಿ ಎತ್ತಿಕೊಂಡು ರೈಲಿಗೆ ಹೊತ್ತಾಯಿತೆಂದ. ಕುಲಾಸ್‌ನ ಬೇಡಿ ಬಿಚ್ಚಿದರು. ಯೂಸ್ತಿನಾ ಗೋಡೆಗೆ ಒರಗಿ ಸದ್ದಿಲ್ಲದೆ ಅತ್ತಳು. ಕುಲಾಸ್ ಮಣಿಕಟ್ಟು ಉಜ್ಜಿಕೊಳ್ಳುತ್ತ ಅಣ್ಣನ ಹತ್ತಿರ ಬಂದ. ಅಣ್ಣ ಬೂಟು ಹಾಕಿಕೊಳ್ಳಲು ಒದ್ದಾಡುತ್ತಿದ್ದ. ಕಾಲು ಒಳಗೆ ಹೋಯಿತೋ ಇಲ್ಲವೋ ಅವನಿಗೆ ತಿಳಿಯುತ್ತಿರಲಿಲ್ಲ. ಆ ಮುಂಗೋಪಿ ಮಂಡಿಯೂರಿ ಕುಳಿತು ಬೂಟಿನ ದಾರ ಕಟ್ಟಿದ.

"ವಾಸಿಯಾಗತ್ತಾ?" ಎಂದು ನಾನು ಹೊರಗೆ ಡಾಕ್ಟರನ್ನು ಕೇಳಿದೆ.

"ಇನ್ಮೇಲೆ ಕುಂಚ ಮುಟ್ಟೋದು ಬೇಡ" ಎಂದರು. ಕೇಳಿದ್ದಕ್ಕೆ ಉತ್ತರ ಅದಲ್ಲ ಎಂದು ನನಗೆ ಗೊತ್ತಾಯಿತು.

ಅಕ್ಟೋಬರ್ ಹೊತ್ತಿಗೆ ಅಂಗಿಯ ಗುಂಡಿ ನಾನೇ ಹಾಕಬೇಕಾಯಿತು. ಅವರ ಮದುವೆಯೆಂದು ಗೊತ್ತುಮಾಡಿದ್ದ ವಾರದಲ್ಲಿ ರಾಗ್ನಾ ಬಂದಳು. ಬಾಗಿಲಲ್ಲೇ ನಿಂತಳು.

"ಹಸು ಹೋಗಿದ್ದು ಹೋಯ್ತು ಓರಿನ್. ಅದಕ್ಕೆ ನಿನ್ ಮೇಲೆ ಸಿಟ್ಟಿಲ್ಲ. ಗೋಡೆ ನೋಡಿದ್ಮೇಲೂ ನಾನು ವಾಲೆಂಟಿ ಹೆಸ್ರು ವಾಪಸ್ ತಗೊಳ್ಳಲಿಲ್ಲ. ನೀನು ಹೇಳಿದ್ದು ನಿಜ ಅಂತ ನಂಗೆ ಆವತ್ತೇ ಗೊತ್ತಾಗಿತ್ತು. ಯಾರನ್ನಾದ್ರೂ ಬೈಬೇಕಿತ್ತು. ನಿನ್ನ ಬೈಯೋಕೆ ಆಗ್ಲಿಲ್ಲ."

"ಬಿಡು ಅದನ್ನ."

"ಪಾದ್ರಿಗೆ ಹೇಳ್ಲಾ, ಈ ಭಾನುವಾರ ಅಂತ?"

ಅಣ್ಣ ತನ್ನ ಕೈ ಎತ್ತಿ ತೋರಿಸಿದ. ಬೆರಳು ಮಡಚಿಕೊಂಡಿದ್ದವು. "ಇದಕ್ಕೆ ಉಂಗುರ ಯಾಕೆ? ಉಣ್ಸೋಕೆ ಒಬ್ಳು ಇದ್ದಾಳೆ, ಇನ್ನೊಬ್ಬಳ್ನ ಯಾಕೆ ಕೂರಿಸ್ಲಿ?" ಎಂದ. ಅವಳು ಎಷ್ಟು ಹೇಳಿದರೂ ಕೇಳಲಿಲ್ಲ. ಮೊಂಡ. ಆದರೂ ಅವಳು ಚಳಿಗಾಲವೆಲ್ಲ ಬಂದಳು, ಅವನ ಕಾಲುಗಳನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು. ಅವಳ ಕೈ ಕಾಲ ಮೇಲಿರುವುದು ಅವನಿಗೆ ಗೊತ್ತಾಗುತ್ತಿರಲಿಲ್ಲ. ನೋಡಿ ತಿಳಿದುಕೊಳ್ಳುತ್ತಿದ್ದ.

ಅವನಿಗೆ ಇದ್ದದ್ದು ಒಂದೇ ಹಟ: ರಾಗ್ನಾಳ ಗೋಡೆಯ ಸಾಲನ್ನು ಅಳಿಸಬೇಕು. ಕುಲಾಸ್ ಕೆಂಪು ಬಣ್ಣ, ಏಣಿ ತಂದು ಇಡೀ ಗೋಡೆಗೆ ಬಳಿದ. ಬೇರೆ ರೈತರು ಒಪ್ಪಲಿಲ್ಲ. ಕಂಪನಿಯವರು ಬಣ್ಣ ಹಾಕಿಸಿಕೊಟ್ಟಿದ್ದಾರೆ, ಮಾತಿಗೆ ತಪ್ಪಬಾರದು ಎಂದರು. ನಮ್ಮ ಗೋಡೆಯ ಎಲೆ ಮೇಲಿದೆ, ಹಸುವಿಗೆ ಎಟುಕುವುದಿಲ್ಲ ಎಂದರು.

ಮಾರ್ಚಿನಲ್ಲಿ, ಹಿಮ ಇನ್ನೂ ಕರಗದಿರುವಾಗ, ಅಣ್ಣ ಹೋದ. ಕೊನೆಯ ದಿನಗಳಲ್ಲಿ ನಾನು ಗಂಜಿ ಕುಡಿಸಿ ಚಮಚ ಹೊರಗೆಳೆಯುವಾಗಲೂ ತುಟಿ ಅದನ್ನು ಒತ್ತಿ ಹಿಡಿಯುತ್ತಿತ್ತು. ಬೈಯಲು ಬಾಯಿ ಬರುತ್ತಿರಲಿಲ್ಲ.

ಗೋರಿಗೆ ಹಲಗೆ ಬೇಕಿತ್ತು. ಸೀಮೆಯಲ್ಲಿ ಯಾರು ಸತ್ತರೂ ಹಲಗೆಗೆ ಹೆಸರು ಬರೆಯುತ್ತಿದ್ದವನು ಅವನೇ. ಬೇರೆ ಯಾರೂ ಇರಲಿಲ್ಲ. ಕುಲಾಸ್ ಓಕ್ ಮರದ ಹಲಗೆ ಕೊಯ್ದು ತಂದುಕೊಟ್ಟ. ಅಣ್ಣನ ಪೆಟ್ಟಿಗೆಯಿಂದ ಸಣ್ಣ ಕುಂಚ, ಕಪ್ಪು ಬಣ್ಣ ತೆಗೆದು ನಾನೇ ಅಡುಗೆಮನೆಯ ಮೇಜಿನ ಮುಂದೆ ಕುಳಿತೆ. ರಾಗ್ನಾ ಹಲಗೆ ಅಲ್ಲಾಡದಂತೆ ಹಿಡಿದುಕೊಂಡಳು. ಮೊದಲ ಅಕ್ಷರಕ್ಕೇ ಕುಂಚದ ಕೂದಲು ಕವಲೊಡೆಯಿತು, ಅಂಚು ಹರಿದು ಹೋಯಿತು. ನನಗೆ ತಿಳಿಯದೆಯೇ ಕೈ ಮೇಲೆದ್ದು ಕುಂಚ ತುಟಿಯ ಹತ್ತಿರ ಬಂದಿತ್ತು. ವರ್ಷಗಟ್ಟಲೆ ಅವನನ್ನೇ ನೋಡಿದ ಕೈ ಅದು.

ರಾಗ್ನಾ ನನ್ನ ಮಣಿಕಟ್ಟು ಹಿಡಿದಳು. ಇಬ್ಬರೂ ಹಾಗೇ ಕುಳಿತು ಅತ್ತೆವು.

ಆಮೇಲೆ ಆ ಕವಲೊಡೆದ ಕುಂಚದಲ್ಲೇ ಬರೆದೆ. ಓರಿನ್ ಸ್ಪ್ರೇಗ್ ಎಂದು ಓದಲು ಬರುತ್ತದೆ, ಅಷ್ಟೇ. ನೋಡಿದ್ದರೆ ನಾಚಿಕೆಪಟ್ಟು ಮೂರು ಸಲ ಕೆಮ್ಮುತ್ತಿದ್ದ.

ಕುಲಾಸ್ ಬಳಿದ ಕೆಂಪು ಬಣ್ಣ ಕೆಲವೇ ಚಳಿಗಾಲಕ್ಕೆ ಸುಲಿದುಹೋಯಿತು. ಅಣ್ಣ ಸೀಸ ಬೆರೆತ ಗಟ್ಟಿ ಬಿಳಿ ಬಣ್ಣದಲ್ಲಿ ಬರೆದಿದ್ದ ಅಕ್ಷರ ಕೆಳಗಿನಿಂದ ಮೇಲೆದ್ದು ಬಂತು, ಅಂಚು ಒಂದಿಷ್ಟೂ ಮಾಸಿಲ್ಲ. ರಸ್ತೆಯಲ್ಲಿ ಹೋಗುವವರೆಲ್ಲ ಈಗಲೂ ಅದನ್ನು ಓದುತ್ತಾರೆ. ಗೋರಿಯ ಮೇಲೆ ನಾನು ಬರೆದದ್ದನ್ನು ಮಾತ್ರ ಪ್ರತಿ ವಸಂತದಲ್ಲಿ ಹೋಗಿ ಮತ್ತೆ ತಿದ್ದಬೇಕು.